ಕರೆದರೆ ‘ಓ’ ಅನ್ನದ ಅಪ್ಪ: ಮಗುವಿನ ನಂಟು ಬೆಳೆಯುವುದು ಹೇಗೆ?

ಹೋದ ಮಳೆಗಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಣ್ಣ ಗಲಾಟೆ ಆಯಿತು. ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ನನ್ನ ದೊಡ್ಡಪ್ಪನ ಮೊಮ್ಮಗಳು, ಒಂದು ರೀಲ್ ಹಾಕಿದಳು. ಅರ್ಧ ನಿಮಿಷದ್ದು. ‘ನಿಮ್ಮ ಅಪ್ಪ ಎಮೋಷನಲಿ ಅನ್‌ಅವೈಲೆಬಲ್ ಆಗಿದ್ದರೇ? ಹಾಗಾದರೆ ನಿಮ್ಮಲ್ಲಿ ಈ ಐದು ಲಕ್ಷಣ ಇರುತ್ತದೆ’ ಅಂತ. ಅದರ ಕೆಳಗೆ ಅವಳು ಏನೂ ಬರೆಯಲಿಲ್ಲ. ಒಂದು ನಗುವ ಮುಖ, ಅಷ್ಟೇ. ಅವಳ ಅಪ್ಪನೂ ಆ ಗುಂಪಿನಲ್ಲಿದ್ದಾನೆ.

ತುಂಬಾ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಪೆರ್ಲದ ಅತ್ತೆ ವಾಯ್ಸ್ ಮೆಸೇಜ್ ಬಿಟ್ಟರು: “ಅನ್‌ಅವೈಲೆಬಲ್ ಅಂದರೆ ಎಂತದು? ಅವ ಎಲ್ಲಿಗೆ ಹೋಗಿದ್ದ? ಇಲ್ಲೇ ತೋಟದಲ್ಲೇ ಇದ್ದದ್ದಲ್ವಾ?”

ನಗು ಬಂತು. ಆದರೆ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಮನೆಯಲ್ಲೇ ಇರುವ ಮನುಷ್ಯ ‘ಇಲ್ಲ’ ಅನಿಸುವುದು ಹೇಗೆ? ಅಟ್ಯಾಚ್‌ಮೆಂಟ್, ಅವಾಯ್ಡೆಂಟ್ ಅನ್ನುವ ಮಾತುಗಳು ಈಗ ಕೇರಳದ ಗಡಿಯ ನಮ್ಮ ಕಾಸರಗೋಡಿನಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲ ಮನೆಯ ಫೋನಿಗೂ ಬಂದು ಬೀಳುತ್ತಿವೆ. ಮಕ್ಕಳು ಅವನ್ನು ಸಲೀಸಾಗಿ ಆಡುತ್ತಾರೆ. ಅಪ್ಪ ಅಮ್ಮಂದಿರಿಗೆ ಅದು ಬೈಗುಳದ ಹಾಗೆ ಕೇಳುತ್ತದೆ. ಹಾಗಾಗಿ ಈ ಮಾತುಗಳು ಎಲ್ಲಿಂದ ಬಂದವು, ಏನು ಹೇಳುತ್ತವೆ, ಏನು ಹೇಳುವುದಿಲ್ಲ ಅಂತ ಬುಡದಿಂದ ನೋಡೋಣ.

ನಂಟು ಅಂದರೆ ಏನು?

ಅಂಗನವಾಡಿಯ ಮೊದಲ ದಿನ ನೆನಪು ಮಾಡಿಕೊಳ್ಳಿ. ಮಗು ಅಮ್ಮನ ಸೀರೆ ಹಿಡಿದು ನಿಂತಿದೆ. ಆಟದ ಸಾಮಾನು ಕಾಣುತ್ತದೆ. ಎರಡು ಹೆಜ್ಜೆ ಹೋಗಿ ತಿರುಗಿ ನೋಡುತ್ತದೆ. ಅಮ್ಮ ಇದ್ದಾಳೆ. ಇನ್ನೂ ನಾಲ್ಕು ಹೆಜ್ಜೆ. ಮತ್ತೆ ತಿರುಗಿ ನೋಡುತ್ತದೆ. ಅಮ್ಮ ಅಲ್ಲೇ ಇದ್ದರೆ ಆಟಕ್ಕೆ ಇಳಿಯುತ್ತದೆ. ಕಾಣದಿದ್ದರೆ ಆಟವೂ ಇಲ್ಲ, ಊಟವೂ ಇಲ್ಲ, ಬೊಬ್ಬೆ ಮಾತ್ರ. ಮಗುವನ್ನೂ ದೊಡ್ಡವರನ್ನೂ ಕಟ್ಟಿದ, ಕಣ್ಣಿಗೆ ಕಾಣದ ಈ ಹಗ್ಗಕ್ಕೇ ಮನಶ್ಶಾಸ್ತ್ರದವರು ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ನಾವು ನಂಟು ಅನ್ನೋಣ.

ಇದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮ ತೋಟದಲ್ಲೇ ಇದೆ. ನಮ್ಮ ಕಡೆ ಮನೆ ಮೇಲೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ಚಹಾ ಆದಾಗ ಅಂಗಳದ ತುದಿಗೆ ಬಂದು ಯಾರಾದರೂ ‘ಕೂ…’ ಅಂತ ಕೂಗು ಹಾಕುತ್ತಾರೆ. ಕೆಳಗಿನಿಂದ ‘ಓಯ್’ ಅಂತ ಬರುತ್ತದೆ. ಮನುಷ್ಯ ಕಾಣುವುದಿಲ್ಲ. ಕೂಡಲೇ ಮೇಲೆ ಬರುವುದೂ ಇಲ್ಲ. ಆದರೂ ಆ ‘ಓಯ್’ ಕೇಳಿದ ಮೇಲೆ ಕರೆದವರು ನೆಮ್ಮದಿಯಲ್ಲಿ ಒಳಗೆ ಹೋಗುತ್ತಾರೆ. ಉತ್ತರ ಬರದಿದ್ದರೆ? ಇನ್ನೊಮ್ಮೆ, ಗಟ್ಟಿಯಾಗಿ. ಮೂರನೇ ಸಲಕ್ಕೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಓಗೊಡುವುದು ಅನ್ನುವ ಚೆಂದದ ಪದ ಇದೆ. ಮಗುವಿನ ನಂಟು ನಿಂತಿರುವುದು ಈ ಓಗೊಡುವುದರ ಮೇಲೆ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಈ ವಿಚಾರಕ್ಕೆ ಬುನಾದಿ ಹಾಕಿದವರು. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ಮನೆ ಕಳೆದುಕೊಂಡ ಮಕ್ಕಳು ಲೆಕ್ಕವಿಲ್ಲದಷ್ಟಿದ್ದರು. ಅವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ಬೌಲ್ಬಿ 1951ರಲ್ಲಿ ವರದಿ ಬರೆದುಕೊಟ್ಟರು. ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ ಕೊಟ್ಟರೆ ಸಾಲದು, ಮಗುವಿಗೆ ‘ತನ್ನವರು’ ಅಂತ ಒಬ್ಬರು ಬೇಕೇ ಬೇಕು ಅನ್ನುವುದು ಅದರ ತಿರುಳು. ಆದರೆ ಅವರ ಕಣ್ಣೆಲ್ಲ ಅಮ್ಮನ ಮೇಲೆ. ಅಪ್ಪ ಅಂದರೆ ಸಂಬಳ ತರುವವ, ಅಮ್ಮನಿಗೆ ಬೆಂಬಲ ಕೊಡುವವ, ಅಷ್ಟೇ.

ಹಾಗಾದರೆ ಅಪ್ಪನ ಲೆಕ್ಕ ಎಲ್ಲಿ?

ಹಾಲು ಕೊಡುವವರಿಗೆ ಮಗು ಅಂಟಿಕೊಳ್ಳುತ್ತದೆ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಹಾಗಿದ್ದರೆ ಅಪ್ಪ ಆಟದಿಂದ ಮೊದಲೇ ಹೊರಗೆ. 1950ರ ದಶಕದಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ಮಂಗನ ಮರಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಈಗ ಓದಿದರೆ ಹೊಟ್ಟೆ ತೊಳೆಸುತ್ತದೆ. ಮರಿಗಳನ್ನು ತಾಯಿಯಿಂದ ಬಿಡಿಸಿ ಎರಡು ಗೊಂಬೆ ‘ತಾಯಿ’ಗಳ ಜೊತೆ ಇಟ್ಟರು. ಒಂದು ತಂತಿಯದ್ದು. ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿ ಗೊಂಬೆಯಲ್ಲಿದ್ದರೂ ಮರಿಗಳು ಕುಡಿದು ಮುಗಿಸಿ ಓಡಿ ಬಂದು ಬಟ್ಟೆ ಗೊಂಬೆಯನ್ನು ಅಪ್ಪಿಕೊಳ್ಳುತ್ತಿದ್ದವು. ನಂಟಿಗೂ ಹಾಲಿಗೂ ನೇರ ಸಂಬಂಧ ಇಲ್ಲ ಅಂತ ಗೊತ್ತಾಯಿತು.

ಅಪ್ಪನ ಮಟ್ಟಿಗೆ ದೊಡ್ಡ ಸುದ್ದಿ ಬಂದದ್ದು 1964ರಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋ ಊರಿನಿಂದ. ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಅನ್ನುವವರು 60 ಕೂಸುಗಳ ಮನೆಗೆ ತಿಂಗಳು ತಿಂಗಳು ಹೋಗಿ ನೋಡಿದರು. ಯಾರು ಕೋಣೆಯಿಂದ ಎದ್ದು ಹೋದರೆ ಮಗು ಅಳುತ್ತದೆ? ಒಂದೂವರೆ ವರ್ಷ ಆಗುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಅಪ್ಪನ ಮೇಲೂ ನಂಟು ಬೆಳೆದಿತ್ತು. ಅವು ಬಹುಪಾಲು ಕಾರ್ಮಿಕರ ಮನೆಗಳು. ಆ ಅಪ್ಪಂದಿರಲ್ಲಿ ಹಲವರು ಮಗುವಿಗೆ ಊಟ ಮಾಡಿಸಿದವರೂ ಅಲ್ಲ, ಬಟ್ಟೆ ಬದಲಿಸಿದವರೂ ಅಲ್ಲ. ಮಗು ಆಯ್ಕೆ ಮಾಡುವುದು ಯಾರು ಜಾಸ್ತಿ ಹೊತ್ತು ನೋಡಿಕೊಂಡರು ಅಂತ ಲೆಕ್ಕ ಹಾಕಿ ಅಲ್ಲ. ತನ್ನ ನಗು, ಅಳು, ಕೂಗಿಗೆ ಯಾರು ಬೇಗ ಓಗೊಟ್ಟರು ಅಂತ ನೋಡಿ.

ದುಡಿಯುವ ಅಪ್ಪನಿಗೆ ಇದರಿಂದ ಸಮಾಧಾನ ಆಗಬೇಕು. ಇಡೀ ದಿನ ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಇಡೀ ದಿನ ಮನೆಯಲ್ಲಿ ಕೂತರೂ ಸಾಲದು.

ಮುಖ ಕಲ್ಲಾದರೆ ಏನಾಗುತ್ತದೆ?

1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗ ಮಾಡಿದರು. ಅಮ್ಮ ಕೆಲವು ತಿಂಗಳ ಕೂಸಿನ ಎದುರು ಕೂತು ಎಂದಿನ ಹಾಗೆ ಆಟ ಆಡಿಸುತ್ತಾಳೆ. ಆಮೇಲೆ ಹೇಳಿಕೊಟ್ಟಂತೆ ಎರಡು ಮೂರು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾಳೆ. ಎದ್ದು ಹೋಗುವುದಿಲ್ಲ, ಬೈಯುವುದಿಲ್ಲ, ಸುಮ್ನೆ ನೋಡುತ್ತಾಳೆ.

ಕೂಸು ಮೊದಲು ನಗುತ್ತದೆ. ಉತ್ತರ ಇಲ್ಲ. ಕೈ ಚಾಚುತ್ತದೆ, ‘ಊ’ ‘ಆ’ ಅಂತ ಶಬ್ದ ಮಾಡುತ್ತದೆ. ಉತ್ತರ ಇಲ್ಲ. ಆಗ ಕಿರಿಕಿರಿ ಶುರು. ಕೊನೆಗೆ ಮುಖ ಆಚೆ ತಿರುಗಿಸಿ ಎಲ್ಲೋ ನೋಡುತ್ತದೆ. ಮುಂದೆ ಇದೇ ಪ್ರಯೋಗವನ್ನು ಅಪ್ಪಂದಿರ ಜೊತೆ ಮಾಡಿದಾಗಲೂ ಮಕ್ಕಳು ಹೀಗೇ ಒದ್ದಾಡಿದರು. ಪೆರ್ಲದ ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎದುರಲ್ಲೇ ಕೂತ ಮನುಷ್ಯನೂ ‘ಇಲ್ಲ’ ಆಗಬಹುದು. ಬೌಲ್ಬಿ ನೋಡಿದ್ದು ಅಮ್ಮ ಎದ್ದು ಹೋದ ಮಕ್ಕಳನ್ನು. ಟ್ರಾನಿಕ್ ತೋರಿಸಿದ್ದು ಎದ್ದು ಹೋಗದೆಯೂ ಹೋಗುವವರನ್ನು.

ಇದನ್ನು ಓದಿ ಹೆದರುವ ಮೊದಲು ಟ್ರಾನಿಕ್ ಕಂಡುಕೊಂಡ ಇನ್ನೊಂದು ಸಂಗತಿ ಕೇಳಿ. ತುಂಬಾ ಚೆನ್ನಾಗಿರುವ ಅಮ್ಮ ಮಗುವಿನ ನಡುವೆಯೂ ಒಬ್ಬರ ಭಾವಕ್ಕೆ ಇನ್ನೊಬ್ಬರು ಸರಿಯಾಗಿ ಹೊಂದುವುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪು ತಾಳ. ಮಗು ಆಟ ಕೇಳುವಾಗ ಇವರು ಊಟ ತರುತ್ತಾರೆ, ನಿದ್ದೆ ಬೇಕಾದಾಗ ಕಚಗುಳಿ ಇಡುತ್ತಾರೆ. ನಂಟು ಗಟ್ಟಿಯಾಗುವುದು ತಾಳ ತಪ್ಪದೇ ಇರುವುದರಿಂದಲ್ಲ, ತಪ್ಪಿದ ತಾಳ ಮತ್ತೆ ಸೇರುವುದರಿಂದ. ಮೂರನೇ ಕೂಗಿಗೆ ಬಂದ ‘ಓಯ್’ ಕೂಡ ‘ಓಯ್’ ಅನ್ನುವುದೇ.

ಯಾರನ್ನು ‘ದೂರದ ಅಪ್ಪ’ ಅನ್ನಬೇಕು?

ನಮ್ಮೂರಲ್ಲಿ ಅಪ್ಪನಿಗೆ ಹೆಸರಿಗೇನೂ ಕಮ್ಮಿ ಇಲ್ಲ. ಕನ್ನಡದಲ್ಲಿ ಅಪ್ಪ, ಮಲಯಾಳದಲ್ಲಿ ಅಚ್ಛನ್, ಮುಸ್ಲಿಂ ಮನೆಗಳಲ್ಲಿ ಉಪ್ಪ, ತುಳುವಿನಲ್ಲಿ ಅಮ್ಮೆ. ಹೌದು, ತುಳುವಿನಲ್ಲಿ ಅಮ್ಮೆ ಅಂದರೆ ಅಪ್ಪ, ಅಪ್ಪೆ ಅಂದರೆ ಅಮ್ಮ. ಘಟ್ಟದ ಮೇಲಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಇದರಲ್ಲಿ ಎಡವಿ ಬೀಳುತ್ತಾರೆ. ಈ ಎಲ್ಲ ಹೆಸರಿನವರಲ್ಲೂ ಬೇರೆ ಬೇರೆ ಬಗೆಯ ‘ದೂರ’ ಇದೆ. ರೀಲುಗಳು ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತವೆ.

ಗಲ್ಫಿನ ಅಪ್ಪನನ್ನು ನೋಡಿ. ಉಪ್ಪಳ, ಕುಂಬಳೆ, ಕಾಸರಗೋಡಿನ ಕಡೆ ಮಗು ಹುಟ್ಟಿದಾಗ ಅಪ್ಪ ದುಬೈಯಲ್ಲೋ ದಮ್ಮಾಮಿನಲ್ಲೋ ಇರುವುದು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಅವನನ್ನು ಕಂಡು ಮಗು ಅಜ್ಜಿಯ ಹಿಂದೆ ಅಡಗುತ್ತದೆ. ಪೆಟ್ಟಿಗೆ ತುಂಬಾ ಆಟದ ಸಾಮಾನು ತಂದವನ ಮುಖ ಸಣ್ಣದಾಗುತ್ತದೆ. ಮಗುವಿನ ಮಟ್ಟಿಗೆ ಅದು ಸರಿಯೇ. ಫೋನಿನಲ್ಲಿ ನೋಡಿದ ಮುಖಕ್ಕೆ ಈಗ ಕೈಕಾಲು ಬಂದಿದೆ. ಒಗ್ಗಿಕೊಳ್ಳಲು ದಿನ ಬೇಕು. ಇದು ಮೈಯ ದೂರ, ಮನಸ್ಸಿನದ್ದಾಗಲೇಬೇಕು ಅಂತಿಲ್ಲ. ವಾರಕ್ಕೊಮ್ಮೆ ಮಾತಾಡಿದರೂ ‘ಹೋದ ವಾರ ಮೊಣಕಾಲಿಗೆ ಗಾಯ ಆಗಿತ್ತಲ್ಲ, ಒಣಗಿತಾ?’ ಅಂತ ಕೇಳುವ ಅಪ್ಪ ಹತ್ತಿರದವನೇ. ‘ಊಟ ಆಯಿತಾ? ಅಮ್ಮನಿಗೆ ಕೊಡು’ ಅಂತ ಹತ್ತು ವರ್ಷ ಅದೇ ಎರಡು ಮಾತು ಆಡಿದವನು ದೂರ ಆಗುತ್ತಾನೆ.

ಮೈ ಒಂದು ಕಡೆ, ಮನಸ್ಸು ಒಂದು ಕಡೆ ಇರುವ ಈ ಪಾಡಿಗೆ ಅಮೆರಿಕದ ಪಾಲಿನ್ ಬಾಸ್ 1970ರ ದಶಕದಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಗೊತ್ತಾಗದ ಅಗಲಿಕೆ’ ಅನ್ನಬಹುದು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಅವರು ಅಧ್ಯಯನ ಮಾಡಿದ್ದರು. ಆದರೆ ಈ ಯೋಚನೆಯ ಬೀಜ ಬಿದ್ದದ್ದು ಮನೆಯಲ್ಲೇ ಇದ್ದೂ ಇಲ್ಲದ ಹಾಗಿರುವ ಅಪ್ಪಂದಿರನ್ನು ನೋಡಿ. ಸತ್ತವರಿಗೆ ಬೊಜ್ಜ ಮಾಡಿ ಅಳುತ್ತೇವೆ. ಊರು ಬಿಟ್ಟವರನ್ನು ಕಾಯುತ್ತೇವೆ. ದಿನಾ ಎದುರಲ್ಲಿ ಕೂತು ಉಣ್ಣುವವರು ‘ಇಲ್ಲ’ ಅಂತ ಅಳುವುದು ಹೇಗೆ? ಅದಕ್ಕೇ ಇಂಥ ಮನೆಯ ಮಕ್ಕಳಿಗೆ ತಮಗೆ ಏನು ನೋವು ಅಂತ ಹೇಳಲು ಬಾಯಿ ಬರುವುದಿಲ್ಲ. ‘ಅಪ್ಪ ಒಳ್ಳೆಯವರೇ’ ಅನ್ನುತ್ತಾರೆ, ಸುಳ್ಳಲ್ಲ.

ಇನ್ನು ಮಾತು ಕಮ್ಮಿಯ ಅಪ್ಪ. ಇವನನ್ನು ದೂರದವರ ಪಟ್ಟಿಗೆ ಸೇರಿಸುವ ಮೊದಲು ಸ್ವಲ್ಪ ತಾಳಿ. ನನ್ನ ಅಪ್ಪ ಈ ಜಾತಿಯವರು. ಮೇ ತಿಂಗಳಲ್ಲಿ ಹಿಂದಿನ ಜಗಲಿಯಲ್ಲಿ ಗೋಣಿ ಹಾಸಿ ಹಲಸಿನ ಹಣ್ಣು ಕೊಯ್ಯುತ್ತಿದ್ದರು. ಕೈಗೆ, ಕತ್ತಿಗೆ ತೆಂಗಿನೆಣ್ಣೆ. ಮೇಣವನ್ನು ಕಡ್ಡಿಗೆ ಸುತ್ತಿ ಬದಿಗಿಡುವರು. ತೊಳೆ ಬಿಡಿಸಿ, ಬೇಳೆ ತೆಗೆದು, ಬಾಳೆ ಎಲೆಗೆ ಹಾಕುವರು. ತಲೆ ಎತ್ತುತ್ತಿರಲಿಲ್ಲ, ಒಂದು ಮಾತಿಲ್ಲ. ಆದರೆ ಮೊದಲ ಎರಡು ತೊಳೆ ಎಲೆಯ ನನ್ನ ಬದಿಗೆ ಬರುತ್ತಿತ್ತು. ನಾನು ತಿನ್ನುವುದು ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. “ಸಾಕಾ?” ಅಷ್ಟೇ. ನನ್ನ ಬಾಯಿ ನಿಂತದ್ದು ಅವರಿಗೆ ಗೊತ್ತಾಗಿದೆ. ಓಗೊಡುವುದು ಅಂದರೆ ಇದು. ಅದೇ ಹೊತ್ತಿಗೆ ಅಂಗಡಿ ಜಗಲಿಯಲ್ಲಿ ಊರನ್ನೆಲ್ಲ ನಗಿಸಿ, ಮನೆಗೆ ಬಂದು ಮಕ್ಕಳ ಕಡೆ ಕಣ್ಣೂ ಹಾಯಿಸದ ಮಾತಿನ ಮಲ್ಲರನ್ನೂ ಕಂಡಿದ್ದೇನೆ. ಮಾತಿನ ಲೆಕ್ಕ ಹಿಡಿದು ದೂರ ಅಳೆಯಲು ಹೋದರೆ ತಪ್ಪುತ್ತದೆ.

ಹೊಡೆಯುವ, ಕುಡಿದು ಬಂದು ಮನೆಮಂದಿಯನ್ನು ನಡುಗಿಸುವ ಅಪ್ಪನ ವಿಷಯ ಬೇರೆಯೇ. ಅಲ್ಲಿ ನಂಟಿನ ಮಾತಿಗಿಂತ ಮೊದಲು ಮಗುವಿನ ರಕ್ಷಣೆ ಆಗಬೇಕು. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ.

‘ಓ’ ಬಾರದಾಗ ಮಗು ಏನು ಮಾಡುತ್ತದೆ?

ಬೌಲ್ಬಿ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ತಾಯಿ ಮಕ್ಕಳನ್ನು ನೋಡಿದವರು. ಅವರು ಒಂದು ವರ್ಷದ ಮಕ್ಕಳಿಗಾಗಿ ಸುಮಾರು ಇಪ್ಪತ್ತು ನಿಮಿಷದ ಒಂದು ಪರೀಕ್ಷೆ ಮಾಡಿದರು. ಗುರುತಿಲ್ಲದ ಕೋಣೆ, ಆಟದ ಸಾಮಾನು, ಒಬ್ಬರು ಅಪರಿಚಿತರು. ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತಾಳೆ. ಹೋದಾಗ ಮಗು ಅತ್ತಿತೋ ಇಲ್ಲವೋ ಅನ್ನುವುದಕ್ಕಿಂತ ವಾಪಸ್ ಬಂದಾಗ ಏನು ಮಾಡಿತು ಅಂತ ನೋಡಬೇಕು.

ಹೆಚ್ಚಿನ ಮಕ್ಕಳು ಓಡಿ ಬಂದು ಅಂಟಿಕೊಂಡು, ಸಮಾಧಾನವಾಗಿ, ಆಟಕ್ಕೆ ಮರಳುತ್ತವೆ. ಅದು ಗಟ್ಟಿ ನಂಟು. ಕೆಲವು ಅಂಟಿಕೊಳ್ಳುತ್ತಲೇ ಒದೆಯುತ್ತವೆ, ಎಷ್ಟು ಹೊತ್ತಾದರೂ ಸಮಾಧಾನ ಇಲ್ಲ. ಅಲ್ಲಿ ‘ಓ’ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಇನ್ನು ಕೆಲವು ಮಕ್ಕಳು ಅಮ್ಮ ಬಂದದ್ದೇ ಕಾಣದ ಹಾಗೆ ಆಟ ಮುಂದುವರಿಸುತ್ತವೆ. ರೀಲುಗಳಲ್ಲಿ ಬರುವ ‘ಅವಾಯ್ಡೆಂಟ್’ ಅನ್ನುವ ಮಾತು ಹುಟ್ಟಿದ್ದು ಈ ಮಕ್ಕಳಿಂದ. ತಪ್ಪಿಸಿಕೊಳ್ಳುವವರು ಅಂತ ಅರ್ಥ.

ನಮ್ಮ ಮನೆಗಳಲ್ಲಿ ಇಂಥ ಮಗುವನ್ನು ಹೊಗಳುತ್ತೇವೆ. ‘ಪಾಪದ ಮಗು, ಒಂದು ಕಿರಿಕಿರಿ ಇಲ್ಲ’ ಅಂತ. 1977ರಲ್ಲಿ ಅಲನ್ ಸ್ರೂಫ್ ಮತ್ತು ಎವೆರೆಟ್ ವಾಟರ್ಸ್ ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದರು. ಮುಖ ಶಾಂತ, ಕೈಯಲ್ಲಿ ಆಟಿಕೆ, ಎದೆ ಮಾತ್ರ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಬೇಡ ಅನ್ನಿಸಿ ಸುಮ್ಮನಿದ್ದದ್ದಲ್ಲ. ಕರೆದರೆ ಉತ್ತರ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಕರೆಯುವುದನ್ನು ನುಂಗಿಕೊಂಡದ್ದು. ತುಂಬಾ ಕರೆದರೆ ಅವರು ಇನ್ನೂ ದೂರ ಹೋದಾರು, ಸುಮ್ಮನಿದ್ದರೆ ಹತ್ತಿರವಾದರೂ ಇರಬಹುದು ಅನ್ನುವ ಲೆಕ್ಕ ಅದು. ಒಂದು ವರ್ಷದ ಮಗುವಿನ ಬುದ್ಧಿವಂತಿಕೆ ಅನ್ನಬೇಕು.

ಗಮನಿಸಿ, ಇಲ್ಲಿ ನಂಟು ಇಲ್ಲ ಅಂತ ಅಲ್ಲ. ಇದೆ. ಅದು ಅಡಗಿದೆ, ಅಷ್ಟೇ. ದೂರದ ಅಪ್ಪನ ಮಕ್ಕಳಲ್ಲಿ ಮುಂದೆ ಕಾಣುವ ಹೆಚ್ಚಿನ ನಡತೆಗಳು ಇದರ ಬಾಲವೇ. ಅಪ್ಪನ ಬೈಕಿನ ಶಬ್ದದಲ್ಲೇ ಅವರ ಮೂಡ್ ಓದುವುದು. ಟೂರಿಗೆ ದುಡ್ಡು ಬೇಕಾದರೆ ‘ಅಮ್ಮಾ, ನೀನೇ ಅಪ್ಪನ ಹತ್ರ ಹೇಳು’ ಅನ್ನುವುದು. ಜ್ವರ ಬಂದರೂ ಹೇಳದೇ ಇರುವುದು. ಕೆಲವರು ಮಾರ್ಕಿನ ಹಿಂದೆ ಬೀಳುತ್ತಾರೆ. ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವಾಗಲಾದರೂ ಅಪ್ಪ ಒಂದು ಕ್ಷಣ ತಲೆ ಎತ್ತಿ ನೋಡುತ್ತಾರಲ್ಲ! ಇನ್ನು ಕೆಲವರು ತಂಟೆಯ ಹಿಂದೆ. ಬೈಗುಳವಾದರೂ ಉತ್ತರವೇ.

ಇದಕ್ಕಿಂತ ಆಳಕ್ಕೆ ಇಳಿಯುವುದು ಮಗು ಕೊಟ್ಟುಕೊಳ್ಳುವ ಕಾರಣ. ಸಣ್ಣ ಮಕ್ಕಳಿಗೆ ಜಗತ್ತೆಲ್ಲ ತಮ್ಮ ಸುತ್ತ ತಿರುಗುತ್ತದೆ. ಅಡಿಕೆಗೆ ರೇಟ್ ಬಿದ್ದದ್ದು, ಬ್ಯಾಂಕಿನ ಸಾಲ, ಅಜ್ಜನ ಜೊತೆಗಿನ ಮುನಿಸು ಅವಕ್ಕೆ ಗೊತ್ತಿಲ್ಲ. ಅಪ್ಪ ಮುಖ ತಿರುಗಿಸಿದರೆ ಕಾರಣ ಒಂದೇ: ನನ್ನಲ್ಲೇ ಏನೋ ಸರಿ ಇಲ್ಲ.

ಅಪ್ಪಂದಿರು ಹೀಗೇಕೆ?

‘ಗಂಡಸರು ಹಾಗೇ’ ಅನ್ನುವುದು ಊರಿನ ಉತ್ತರ. ಅದು ಅಷ್ಟು ಸರಿ ಅಲ್ಲ. ಮಧ್ಯ ಆಫ್ರಿಕದ ಕಾಡಿನ ಅಕಾ ಜನರಲ್ಲಿ ಅಪ್ಪಂದಿರು ದಿನದ ಸುಮಾರು ಅರ್ಧ ಹೊತ್ತು ಕೂಸಿಗೆ ಕೈಗೆಟಕುವಷ್ಟು ಹತ್ತಿರ ಇರುತ್ತಾರೆ ಅಂತ ಬ್ಯಾರಿ ಹ್ಯೂಲೆಟ್ ಅನ್ನುವ ಮಾನವಶಾಸ್ತ್ರಜ್ಞ ಅಳೆದು ತೋರಿಸಿದ್ದಾರೆ. ಫಿಲಿಪೀನ್ಸಿನ ಸೆಬು ಊರಿನಲ್ಲಿ 624 ಗಂಡಸರನ್ನು 2005ರಲ್ಲಿ ಒಮ್ಮೆ, 2009ರಲ್ಲಿ ಇನ್ನೊಮ್ಮೆ ಪರೀಕ್ಷಿಸಿದರು. ಆ ನಡುವೆ ಅಪ್ಪ ಆದವರ ಮೈಯಲ್ಲಿ ಗಂಡಸುತನದ ಹಾರ್ಮೋನು ಅನ್ನಿಸಿಕೊಂಡ ಟೆಸ್ಟೊಸ್ಟೆರೋನ್ ಜಾಸ್ತಿ ಇಳಿದಿತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಮಗುವನ್ನು ನೋಡಿಕೊಳ್ಳುವವರಲ್ಲಿ ಇನ್ನೂ ಕಮ್ಮಿ. ಅಂದರೆ ಮಗುವನ್ನು ಎತ್ತಿಕೊಂಡ ಗಂಡಸಿನ ಮೈಯೇ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕಟ್ಟು ಇರುವುದು ಮೈಯಲ್ಲಲ್ಲ, ಕಟ್ಟಳೆಯಲ್ಲಿ.

ಕಟ್ಟಳೆ ಅಂದರೆ ಏನು? ಕೂಡುಕುಟುಂಬದಲ್ಲಿ ಹಿರಿಯರ ಎದುರು ತನ್ನ ಮಗುವನ್ನು ಎತ್ತಿ ಮುದ್ದಿಸುವುದು ಮರ್ಯಾದೆ ಅಲ್ಲ ಅಂತ ಇತ್ತು. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ಅಂಗಳದಲ್ಲಿ ಆಡುವಾಗ ತನ್ನದನ್ನೇ ಎತ್ತಿದರೆ ಭೇದ ಮಾಡಿದಂತೆ. ಭಾರತದ ಮನೆಗಳ ಬಗ್ಗೆ ತುಂಬಾ ಬರೆದ ಮನೋವಿಶ್ಲೇಷಕ ಸುಧೀರ್ ಕಕ್ಕರ್ ಕೂಡ ಅಪ್ಪನ ಈ ಬಿಗುವನ್ನು ಗುರುತಿಸಿದ್ದರು. ನನ್ನ ಅಜ್ಜಿ ಹೇಳುತ್ತಿದ್ದರು, ಅಜ್ಜ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದದ್ದು ರಾತ್ರಿ ಚಿಮಿಣಿ ದೀಪ ಆರಿದ ಮೇಲೆ ಅಂತ.

ನಮ್ಮ ಕಡೆಗೆ ಇನ್ನೊಂದು ಕಥೆಯೂ ಇದೆ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ, ಮಲಯಾಳ ಮಾತಾಡುವ ಹಲವು ಸಮುದಾಯಗಳಲ್ಲಿ ಮರುಮಕ್ಕತ್ತಾಯ. ಮಗು ಅಮ್ಮನ ಮನೆತನಕ್ಕೆ ಸೇರಿದ್ದು. ಯಜಮಾನಿಕೆ ಸೋದರಮಾವನದ್ದು. ಅಪ್ಪನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ. 1975ರ ಕೇರಳದ ಕಾಯ್ದೆ ಬಂದ ಮೇಲೆ ಕಾನೂನಿನಲ್ಲಿ ಇದೆಲ್ಲ ಮುಗಿಯಿತು. ಈ ಪದ್ಧತಿಯಲ್ಲಿ ಅಪ್ಪ ಮಗುವಿನ ಮನೆಗೆ ಹೆಚ್ಚುಕಮ್ಮಿ ನೆಂಟನ ಹಾಗೆ. ಹಾಗಂತ ಮಗುವಿಗೆ ನಷ್ಟ ಆಗಲೇಬೇಕು ಅಂತಿಲ್ಲ, ಓಗೊಡಲು ಮಾವ ಇದ್ದ. ಸಮಸ್ಯೆ ಈಗಿನದ್ದು. ಕೂಡುಮನೆ ಒಡೆದು ಅಪ್ಪ, ಅಮ್ಮ, ಮಗು ಮಾತ್ರ ಉಳಿದ ಮನೆಯಲ್ಲಿ ಮಾವನೂ ಇಲ್ಲ, ಅಜ್ಜನೂ ಇಲ್ಲ, ಅಪ್ಪ ಮಾತ್ರ ಹಳೆಯ ಬಿಗುವಿನಲ್ಲೇ ಇದ್ದಾನೆ. ಇದು ನನ್ನ ಅಂದಾಜು.

ಭಾವನೆಗೆ ಪದವೇ ಸಿಗದವರೂ ಇದ್ದಾರೆ. ಅಮೆರಿಕದ ವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಮೊದಲಲ್ಲಿ ಇದಕ್ಕೆ ಅಲೆಕ್ಸಿಥೈಮಿಯ ಅಂತ ಹೆಸರಿಟ್ಟರು. ಗ್ರೀಕ್ ಮಾತು, ಭಾವನೆಗೆ ಮಾತಿಲ್ಲ ಅಂತಲೇ ಅರ್ಥ. ‘ಅಳಬೇಡ, ನೀನು ಗಂಡಸಲ್ವಾ’ ಅಂತ ಬೆಳೆಸಿದ ಹುಡುಗರಲ್ಲಿ ಇದರ ಸಣ್ಣ ರೂಪ ಸಾಮಾನ್ಯ ಅಂತ ಮನಶ್ಶಾಸ್ತ್ರಜ್ಞ ರೊನಾಲ್ಡ್ ಲೆವಂಟ್ ಆಮೇಲೆ ಹೇಳಿದರು. ಇಂಥವರಿಗೆ ಹೆದರಿಕೆ, ಬೇಜಾರು, ನಾಚಿಕೆ ಎಲ್ಲವೂ ಒಂದೇ ಬಾಗಿಲಿನಿಂದ ಹೊರಬರುತ್ತದೆ, ಸಿಟ್ಟಾಗಿ. ಗಂಡಸರ ಖಿನ್ನತೆಯೂ ಎಷ್ಟೋ ಸಲ ಹೀಗೇ ಕಾಣುವುದು. ಅಳುವುದಿಲ್ಲ, ಸಿಡುಕುತ್ತಾರೆ. ಅಥವಾ ತೋಟದಿಂದ ಮೇಲೆ ಬರುವುದೇ ಇಲ್ಲ.

ಒಳಗೆ ಪ್ರೀತಿ ಇದ್ದರೆ ಸಾಲದೇ?

ಪೆರ್ಲ, ಬಾಯಾರು ಕಡೆಯ ಗುಡ್ಡೆಗಳಲ್ಲಿ ಸುರಂಗಗಳಿವೆ. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ, ಒಬ್ಬ ಬಗ್ಗಿ ಹೋಗುವಷ್ಟು ಅಗಲದ ಬಿಲ. ಒಳಗಿನ ನೀರು ಜಿನುಗಿ ತಾನಾಗಿ ಹೊರಗೆ ಹರಿದು ಬರುತ್ತದೆ. ‘ಅಪ್ಪನ ಪ್ರೀತಿ ಗುಡ್ಡೆಯೊಳಗಿನ ನೀರಿನ ಹಾಗೆ, ಕಾಣುವುದಿಲ್ಲ’ ಅಂತ ಹೇಳುವವರಿದ್ದಾರೆ. ಸರಿ. ಆದರೆ ಸುರಂಗ ಕೊರೆಯದ ಗುಡ್ಡೆಯ ಬುಡದಲ್ಲಿ ಕೂತವನಿಗೆ ಬಾಯಾರಿಕೆಯೇ.

ರೊನಾಲ್ಡ್ ರೋನರ್ ಅನ್ನುವ ಅಮೆರಿಕದ ಸಂಶೋಧಕರು ದಶಕಗಳ ಕಾಲ ಹಲವು ದೇಶಗಳಲ್ಲಿ ನೋಡಿದ್ದು ಇದನ್ನೇ. ಮಗುವಿನ ಮುಂದಿನ ಮನಸ್ಥಿತಿಗೆ ಲೆಕ್ಕಕ್ಕೆ ಬರುವುದು ತಂದೆತಾಯಿಯ ಎದೆಯಲ್ಲಿ ಏನಿತ್ತು ಅನ್ನುವುದಲ್ಲ, ಮಗುವಿಗೆ ಏನು ಮುಟ್ಟಿತು ಅನ್ನುವುದು. ಅಪ್ಪನಿಗೆ ತಾನು ಬೇಡ ಅನ್ನಿಸಿದ ಮಗುವಿಗೆ ಆಗುವ ಪೆಟ್ಟು ಅಮ್ಮನ ವಿಷಯದಷ್ಟೇ ದೊಡ್ಡದು, ಕೆಲವೊಮ್ಮೆ ಜಾಸ್ತಿ ಅಂತಲೂ ಅವರ ತಂಡ ಕಂಡಿತು. ಅಮ್ಮ ಇದ್ದಾಳಲ್ಲ, ಸಾಕು ಅನ್ನುವಂತಿಲ್ಲ.

ಹಾಗಂತ ರೀಲಿನ ‘ಐದು ಲಕ್ಷಣ’ಗಳನ್ನು ಹಿಡಿದು ಕೂರುವುದೂ ಬೇಡ. ನಂಟು ಒಬ್ಬೊಬ್ಬರ ಜೊತೆ ಒಂದೊಂದು ಬಗೆ. ಅಪ್ಪನ ಎದುರು ಮುಖ ತಿರುಗಿಸುವ ಮಗುವೇ ಅಜ್ಜಿಯ ಮಡಿಲಲ್ಲಿ ಗಟ್ಟಿ ಇರಬಹುದು. ಆ ಗಟ್ಟಿತನ ಬದುಕಿಗೆ ಆಸರೆಯಾಗುತ್ತದೆ. ‘ಅವಾಯ್ಡೆಂಟ್’ ಅನ್ನುವುದು ಕಾಯಿಲೆಯ ಹೆಸರಲ್ಲ. ಐನ್ಸ್‌ವರ್ತ್ ಪರೀಕ್ಷೆ ಮಾಡಿ ಗುರುತಿಸಲು ತರಬೇತಿ ಆದವರೇ ಬೇಕು. ಅರ್ಧ ನಿಮಿಷದ ವಿಡಿಯೋ ನೋಡಿ ಅಪ್ಪನಿಗೆ ಚೀಟಿ ಅಂಟಿಸಲು ಆಗುವುದಿಲ್ಲ.

ದೂರ ಕಮ್ಮಿ ಆಗುತ್ತದಾ?

ಆಗುತ್ತದೆ. ಸಣ್ಣ ಮಕ್ಕಳಲ್ಲಿ ಬೇಗ. ಅಪ್ಪ ಭಾಷಣ ಮಾಡಬೇಕಾಗಿಲ್ಲ. ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಕನ್ನಡದಲ್ಲಿ ಹೇಳಿದರೆ ನಾಟಕದ ಮಾತಿನ ಹಾಗೆ ಕೇಳುತ್ತದೆ, ನಮ್ಮ ಮನೆಗಳಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಪ್ಪ ಮಕ್ಕಳ ನಂಟು ಹೆಚ್ಚಾಗಿ ಕಟ್ಟಿಕೊಳ್ಳುವುದು ಆಟದಲ್ಲಿ, ಜೊತೆಯ ಕೆಲಸದಲ್ಲಿ. ಹೆಗಲ ಮೇಲೆ ಕೂರಿಸುವುದು, ಗಾಳಿಗೆ ಎಸೆದು ಹಿಡಿಯುವುದು, ಅಡಿಕೆ ಹೆಕ್ಕುವಾಗ ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿ ಕೊಡುವುದು. ಜರ್ಮನಿಯ ಗ್ರಾಸ್‌ಮನ್ ದಂಪತಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದೂ ಇದನ್ನೇ. ಅಪ್ಪ ಮಗುವಿಗೆ ಆಟದಲ್ಲಿ ‘ಮಾಡು ನೋಡುವ’ ಅಂತ ಧೈರ್ಯ ಕೊಡುತ್ತಾ, ಅದರ ತಾಳ ಅರಿತು ಜೊತೆಗೂಡಿದ್ದರೆ ಅದರ ಗುಣ ಹದಿನಾರನೇ ವಯಸ್ಸಿನಲ್ಲೂ ಕಂಡಿತು.

ಬೆಳೆದ ಮಕ್ಕಳಿಗೆ ಏನು ದಾರಿ? ಮೇರಿ ಮೇನ್ ಅನ್ನುವವರು 1980ರ ದಶಕದಲ್ಲಿ ದೊಡ್ಡವರನ್ನು ಕೂರಿಸಿ ಅವರ ಬಾಲ್ಯದ ಬಗ್ಗೆ ಕೇಳುವ ಒಂದು ಕ್ರಮ ರೂಪಿಸಿದರು. ಬಾಲ್ಯ ಎಷ್ಟು ಸಿಹಿ, ಎಷ್ಟು ಕಹಿ ಅನ್ನುವುದಕ್ಕಿಂತ ಅದನ್ನು ಹೇಗೆ ಹೇಳುತ್ತಾರೆ ಅನ್ನುವುದರಲ್ಲಿ ವಿಷಯ ಇತ್ತು. ಕಹಿಯನ್ನೂ ತುಪ್ಪ ಸವರದೆ, ಕೆಂಡ ಕಾರದೆ, ಹಿಂದೆಮುಂದೆ ಕೂಡಿಸಿ ಹೇಳಬಲ್ಲವರು ತಮ್ಮ ಮಕ್ಕಳಿಗೆ ಚೆನ್ನಾಗಿಯೇ ಓಗೊಡುತ್ತಿದ್ದರು. ಇದಕ್ಕೆ ‘ಗಳಿಸಿದ’ ನಂಟು ಅನ್ನುತ್ತಾರೆ. ಹುಟ್ಟಿನಿಂದ ಬಂದದ್ದಲ್ಲ, ಸ್ವಂತ ದುಡಿಮೆ.

ಹೇಳಿಕೊಳ್ಳಲು ಭಾಷೆ ಬೇಕು. ಗಡಿಯ ಮಕ್ಕಳಿಗೆ ಇದೊಂದು ಕಷ್ಟ. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಆದರೆ ಕೌನ್ಸೆಲರ್ ಮಾತಾಡುವುದು ಮಲಯಾಳ. ಅಂಗಡಿಗೆ, ಬಸ್ಸಿಗೆ ಮಲಯಾಳ ಸಾಕು. ಅಪ್ಪನ ಬಗ್ಗೆ ಅಳಲು ಸಾಲುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ, ಕರೆಗೆ ದುಡ್ಡು ಕೊಡಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಅಲ್ಲ, ತೋಟದಿಂದ ಮೇಲೆ ಬರದ ಅಪ್ಪಂದಿರಿಗೂ ಅದೇ ನಂಬರು.

ನಮ್ಮ ಗುಂಪಿನ ಗಲಾಟೆ ಹೇಗೆ ಮುಗಿಯಿತು ಅಂತ ಕೇಳಬಹುದು. ಹುಡುಗಿಯ ಅಪ್ಪ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ವಾರ ಕಳೆದು ಮಂಗಳೂರಿಗೆ ಹೋಗುವವರ ಕೈಯಲ್ಲಿ ಹಾಸ್ಟೆಲಿಗೆ ಹಲಸಿನ ಹಪ್ಪಳದ ಕಟ್ಟು ಕಳಿಸಿದ. ರಾತ್ರಿ ಫೋನ್ ಮಾಡಿ “ಸಿಕ್ಕಿತಾ?” ಅಂದ. ಎಂದಿನ ಹಾಗೆ “ಅಮ್ಮನಿಗೆ ಕೊಡುತ್ತೇನೆ” ಅಂತ ಹೊರಟವನಿಗೆ ಅವಳು “ಬೇಡ ಅಪ್ಪಾ, ನೀವೇ ಇರ್ರಿ” ಅಂದಳಂತೆ. ನಾಲ್ಕು ನಿಮಿಷ ಮಾತಾಡಿದರು. ಅದರಲ್ಲಿ ಮೂರು ನಿಮಿಷ ಅಡಿಕೆಯ ಕೊಳೆರೋಗದ ವಿಷಯ, ಮಳೆ ಬಿಡದೆ ಎರಡನೇ ಸಲದ ಮದ್ದು ಬಿಡಲು ಆಗದ್ದು. ಕೊನೆಗೆ ಅವನು ಕೇಳಿದ್ದು, “ಅಲ್ಲಿಯೂ ಮಳೆ ಉಂಟಾ? ಕೊಡೆ ಇದೆಯಾ ನಿನ್ನತ್ರ?”